ನಿಮ್ಮವರು ಆಡಿದ ಮಾತಿಗೆ ನೀವೇ ಉತ್ತರ ಕೊಡಬೇಕು, ಶಾಸಕರೆ

ಬಾಗಲಕೋಟೆ ಜಿಲ್ಲೆಯ ಕೃಷ್ಣಾ ತೀರದ ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ಸಾಹೇಬರೆ, ನಮಸ್ಕಾರ.

ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಜಲಾಶಯದ ಎತ್ತರ ಹೆಚ್ಚಿಸಬೇಕೆಂದು ನಾವು, ಹೆಚ್ಚಿಸಿದರೆ ನದಿಯ ಮೇಲ್ಭಾಗದ ಸಾಂಗ್ಲಿ, ಕೊಲ್ಹಾಪುರ ಮುಳುಗುತ್ತವೆಂದು ಮಹಾರಾಷ್ಟ್ರದವರು ಜಗಳಾಡುತ್ತಿದ್ದೇವೆ. ಈ ಎತ್ತರದ ಬಗ್ಗೆ ನಿಮ್ಮ ಅಭಿಮಾನಿಗಳು, ನಿಮ್ಮ ಪಕ್ಷದ ಹುಡುಗರು ಮೊಬೈಲಿನಲ್ಲಿ ಏನು ಬರೆಯುತ್ತಿದ್ದಾರೆ ಎಂಬುದು ನಿಮಗೆ ಗೊತ್ತಿಲ್ಲದ ಸಂಗತಿಯಲ್ಲ. ನಿಮ್ಮ ಫೋಟೊ ಹಾಕಿಕೊಂಡಿರುವ ವಾಟ್ಸಾಪ್ ಗುಂಪುಗಳಲ್ಲೇ ಅದೆಲ್ಲ ಓಡಾಡುತ್ತದೆ. "ಗೇಟ್ ಬಂದ್ ಮಾಡ್ರಿ, ಸಾಂಗ್ಲಿ ಮುಳಗ್ಲಿ, ಅವಾಗ ಅವರಿಗೆ ಬುದ್ಧಿ ಬರ್ತೈತಿ" ಎಂಬ ಮಾತು ಪ್ರತಿ ಮಳೆಗಾಲಕ್ಕೂ ಬರುತ್ತದೆ. ಅದಕ್ಕೆ ನೂರಾರು ಜನ ಭಲೆ ಭಲೆ ಅನ್ನುತ್ತಾರೆ. ನಿಮ್ಮ ಖಾತೆ ನೋಡಿಕೊಳ್ಳುವವರೂ ಒಮ್ಮೆ ಅದನ್ನು ಮೆಚ್ಚಿ ಮುಂದೆ ಕಳಿಸಿದರು. ಹಾಗಾಗಿ ಈ ಪತ್ರವನ್ನು ನಿಮ್ಮ ಮನೆ ಬಾಗಿಲಿಗೆ ತಂದು ಕೊಡದೆ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ನಿಮ್ಮ ಹೆಸರನ್ನಾಗಲಿ ಪಕ್ಷವನ್ನಾಗಲಿ ಬೇಕೆಂದೇ ಬರೆದಿಲ್ಲ. ಪಕ್ಕದ ಕ್ಷೇತ್ರದವರಿಗೂ, ನಿಮ್ಮ ಎದುರು ಪಕ್ಷದವರಿಗೂ ಇದು ಅಷ್ಟೇ ಸಲ್ಲುತ್ತದೆ.

ಮೊದಲು ಆ ಮಾತನ್ನೇ ನೋಡೋಣ. ಕೃಷ್ಣೆ ಸಾಂಗ್ಲಿ, ಮೀರಜ್ ಕಡೆಯಿಂದ ಇಳಿದು ಚಿಕ್ಕೋಡಿ ತಾಲೂಕಿಗೆ ಬರುತ್ತಾಳೆ. ಅಲ್ಲಿಂದ ರಾಯಬಾಗ, ಅಥಣಿ, ಹಿಪ್ಪರಗಿ ಬ್ಯಾರೇಜ್, ಜಮಖಂಡಿ, ಬೀಳಗಿ. ಆಮೇಲೆ ಆಲಮಟ್ಟಿ. ಗೇಟು ಹಾಕಿ ನೀರು ನಿಲ್ಲಿಸಿದರೆ ಮೊದಲು ಏರುವುದು ಬೀಳಗಿ ತಾಲೂಕಿನ ಹೊಲಗಳಲ್ಲಿ, ಆಮೇಲೆ ಜಮಖಂಡಿಯ ಕಬ್ಬಿನಲ್ಲಿ. ಘಟಪ್ರಭೆಯ ನೀರು ಮುಂದೆ ಸರಿಯದೆ ಬಾಗಲಕೋಟೆ, ಮುಧೋಳದ ಕಡೆ ತಿರುಗಿ ನಿಲ್ಲುತ್ತದೆ. ಸಾಂಗ್ಲಿಯನ್ನು ಮುಳುಗಿಸಬೇಕೆಂದರೆ ಅದಕ್ಕೂ ಮುಂಚೆ ನಮ್ಮದೇ ನಾಲ್ಕೈದು ತಾಲೂಕು ಮುಳುಗಬೇಕು. ಇದನ್ನು ಬರೆದ ಹುಡುಗನ ಮನೆ ಆ ತಾಲೂಕುಗಳಲ್ಲೇ ಒಂದರಲ್ಲಿದೆ.

ಇನ್ನು ಲೆಕ್ಕ. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಒಂದು ಕ್ಯುಸೆಕ್, ನೂರು ಕೋಟಿ ಘನ ಅಡಿ ನೀರು ಕೂಡಿದರೆ ಒಂದು ಟಿಎಂಸಿ. ಒಂದು ಲಕ್ಷ ಕ್ಯುಸೆಕ್ ನೀರು ಇಡೀ ದಿನ ಹರಿದರೆ 8.64 ಟಿಎಂಸಿ ಆಗುತ್ತದೆ. 2019ರ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಹೊರಗೆ ಬಿಟ್ಟಿದ್ದರು, ಅಂದರೆ ದಿನಕ್ಕೆ 43 ಟಿಎಂಸಿ. ಈಗಿನ 519.6 ಮೀಟರ್ ಮಟ್ಟದಲ್ಲಿ ಜಲಾಶಯ ಹಿಡಿಯುವುದೇ ಸುಮಾರು 123 ಟಿಎಂಸಿ. ಡ್ಯಾಮು ಪೂರ್ತಿ ಖಾಲಿ ಇದ್ದು 26 ಗೇಟುಗಳನ್ನೂ ಮುಚ್ಚಿದರೂ ಮೂರು ದಿನ ತಡೆಯದು. ತುಂಬಿದ ಡ್ಯಾಮಿನ ಗೇಟನ್ನು ಮಹಾಪೂರದ ಹೊತ್ತಿನಲ್ಲಿ ಮುಚ್ಚುವ ಮಾತಂತೂ ನಾರಾಯಣಪುರ, ಯಾದಗಿರಿ, ರಾಯಚೂರಿನ ತನಕ ಇರುವ ಎಲ್ಲರ ಜೀವದ ಪ್ರಶ್ನೆ. ಹತ್ತನೇ ಇಯತ್ತೆ ಓದಿದ ಹುಡುಗನೂ ಈ ಲೆಕ್ಕ ಮಾಡಬಲ್ಲ. ಆದರೆ ಮಾಡುವವರಿಲ್ಲ, ಮಾಡಿ ತೋರಿಸುವ ಜವಾಬ್ದಾರಿ ಇದ್ದವರು ಸುಮ್ಮನಿದ್ದಾರೆ. ನೀವು ನೀರಾವರಿ ಸಲಹಾ ಸಮಿತಿಯ ಸಭೆಗಳಲ್ಲಿ ಕುಳಿತವರು. ಒಳಹರಿವು, ಹೊರಹರಿವು ಅಂದರೇನು ಎಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ.

ಗಡಿಯ ಆ ಕಡೆಯಲ್ಲೂ ಇಂಥದ್ದೇ ಮಾತು ನಡೆಯುತ್ತದೆ. ಸಾಂಗ್ಲಿ, ಕೊಲ್ಹಾಪುರದಲ್ಲಿ ಮಹಾಪೂರ ಬಂತೆಂದರೆ ಆಲಮಟ್ಟಿಯೇ ಕಾರಣ ಎಂದು ಅಲ್ಲಿನ ನಾಯಕರು ಹೇಳುತ್ತಾರೆ. ನಮ್ಮಲ್ಲಿ ನೀರು ಬಂದರೆ ಮಹಾರಾಷ್ಟ್ರದವರು ತಮ್ಮ ಕೊಯ್ನಾ ಅಣೆಕಟ್ಟಿನ ನೀರು ಬಿಟ್ಟು ಬೇಕೆಂತಲೇ ನಮ್ಮನ್ನು ಮುಳುಗಿಸಿದರು ಎಂದು ನಮ್ಮವರು ಹೇಳುತ್ತಾರೆ. ಎರಡೂ ಒಂದೇ ಮಾತು, ದಿಕ್ಕು ಮಾತ್ರ ಬೇರೆ. ಕೊಯ್ನಾದ ಸಾಮರ್ಥ್ಯ 105 ಟಿಎಂಸಿ. ಅದರಾಚೆಗೆ ವಾರಣಾ, ಪಂಚಗಂಗಾ, ದೂಧಗಂಗಾ, ವೇದಗಂಗಾ ಎಲ್ಲವೂ ಸಹ್ಯಾದ್ರಿಯ ಮಳೆಯನ್ನು ಹೊತ್ತು ಕೃಷ್ಣೆಗೇ ಸೇರುತ್ತವೆ. ಅಣೆಕಟ್ಟುಗಳ ಕೆಳಗೆ ಬಿದ್ದ ಮಳೆಗೆ ಯಾವ ಗೇಟೂ ಇಲ್ಲ. ರಾಧಾನಗರಿ ಅಣೆಕಟ್ಟಿನಲ್ಲಿ ಸ್ವಯಂಚಾಲಿತ ಗೇಟುಗಳಿವೆ, ನೀರು ಇಂತಿಷ್ಟು ಮಟ್ಟ ಮುಟ್ಟಿದರೆ ತಾವಾಗಿಯೇ ತೆರೆದುಕೊಳ್ಳುತ್ತವೆ. ಅದನ್ನು ಯಾರೋ ಕೂತು ಕರ್ನಾಟಕದ ಮೇಲಿನ ಸಿಟ್ಟಿಗೆ ಎತ್ತಿದರು ಎಂದು ನಮ್ಮ ಗುಂಪುಗಳಲ್ಲಿ ವರ್ಷ ವರ್ಷ ಬರೆಯುತ್ತಾರೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಸಾಂಗ್ಲಿಯ ರೈತ ಹೆದರುವುದನ್ನು ನಾನು ಅಸಂಬದ್ಧ ಅನ್ನುವುದಿಲ್ಲ. 2019ರಲ್ಲಿ ಅಲ್ಲಿನ ಐರ್ವಿನ್ ಸೇತುವೆಯ ಹತ್ತಿರ ನೀರು 57 ಅಡಿ ಮುಟ್ಟಿತ್ತು. ಅಪಾಯದ ಮಟ್ಟ 45 ಅಡಿ. ಅಂಥ ನೀರು ಮನೆಯೊಳಗೆ ಬಂದು ಹೋದವನು ಕೆಳಗಿನ ಡ್ಯಾಮಿನ ಎತ್ತರ ಹೆಚ್ಚುತ್ತದೆ ಅಂದಾಗ ಪ್ರಶ್ನೆ ಕೇಳದೆ ಇರುತ್ತಾನೆಯೆ? ಹಿಪ್ಪರಗಿ ಬ್ಯಾರೇಜಿನ ಗೇಟು ಯಾವಾಗ ತೆಗೆಯುತ್ತೀರಿ, ನದಿಪಾತ್ರದಲ್ಲಿ ಹೂಳು ಎಷ್ಟು ತುಂಬಿದೆ ಎಂದು ಅವನು ಕೇಳಿದರೆ ಅದು ಸರಿಯಾದ ಪ್ರಶ್ನೆ. ಅದಕ್ಕೆ ಎಂಜಿನಿಯರುಗಳ ಹತ್ತಿರ ಉತ್ತರ ಇದೆ. ಮಳೆಗಾಲದಲ್ಲಿ ಎರಡೂ ರಾಜ್ಯಗಳ ನೀರಾವರಿ ಅಧಿಕಾರಿಗಳು ಯಾವ ಡ್ಯಾಮಿನಿಂದ ಎಷ್ಟು ಬಿಟ್ಟಿದ್ದೇವೆಂದು ಒಬ್ಬರಿಗೊಬ್ಬರು ತಿಳಿಸುತ್ತಾ ಇರುತ್ತಾರೆ. ಅವರು ಫೋನಿನಲ್ಲಿ ಮಾತಾಡಿ ಜನರ ಜೀವ ಉಳಿಸುವ ಹೊತ್ತಿಗೆ, ಇತ್ತ ನಮ್ಮ ಹುಡುಗರು ಫೋನಿನಲ್ಲೇ ಆ ಜನ ಮುಳುಗಲಿ ಎಂದು ಬರೆಯುತ್ತಾರೆ.

ಈ ಮಾತುಗಳು ಎಲ್ಲಿಗೆ ಹೋಗಿ ಮುಟ್ಟುತ್ತವೆ ಎಂಬುದನ್ನು ಕಣ್ಣಾರೆ ಕಂಡೆ. ನಮ್ಮದು ಕಬ್ಬು ಮತ್ತು ಅರಿಷಿಣ. ಅರಿಷಿಣ ಸಾಂಗ್ಲಿ ಪೇಟೆಗೇ ಹೋಗಬೇಕು. ಸವಾಲು (ಹರಾಜು) ಮುಗಿದ ಮೇಲೆ ದಲ್ಲಾಳಿಯ ಅಡತಿ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕೂತಾಗ, ನಮ್ಮ ತಂದೆಯ ಕಾಲದಿಂದ ವ್ಯವಹಾರ ಇಟ್ಟುಕೊಂಡ ಅಡತಿಯವರು ತಮ್ಮ ಮೊಬೈಲ್ ನನ್ನ ಮುಂದೆ ಹಿಡಿದರು. ಕನ್ನಡದಲ್ಲಿ ಬರೆದ ಅದೇ ಸಾಲು. ಕೆಳಗೆ ಯಾರೋ ಮರಾಠಿಯಲ್ಲಿ ಅರ್ಥ ಬರೆದಿದ್ದರು. "ಇದು ನಿಮ್ಮ ಕಡೇದವ್ರು ಬರದದ್ದ ಹೌದಲ್ಲ?" ಎಂದು ಕೇಳಿದರು. ಅವರ ಅಂಗಡಿಯ ಗೋಡೆಯ ಮೇಲೆ ಕರೆಂಟ್ ಮೀಟರಿಗಿಂತ ಒಂದು ಗೇಣು ಮೇಲೆ 2019ರ ನೀರಿನ ಕೆಸರುಗೆರೆ ಇನ್ನೂ ಮಾಸಿರಲಿಲ್ಲ. ಸುಣ್ಣ ಹೊಡೆದರೂ ಅದು ಮತ್ತೆ ಎದ್ದು ಕಾಣುತ್ತದಂತೆ. 2019ರಲ್ಲಿ ಆ ನೀರು ಬಂದ ವಾರವೇ ನಮ್ಮೂರಿನ ಅರ್ಧ ಜನ ಕಾಳಜಿ ಕೇಂದ್ರದಲ್ಲಿದ್ದೆವು, ದನಗಳನ್ನು ಗುಡ್ಡದ ಮೇಲೆ ಕಟ್ಟಿದ್ದೆವು. ಒಂದೇ ಹೊಳೆಯ ನೀರು ಇಬ್ಬರ ಮನೆಯನ್ನೂ ಹೊಕ್ಕಿತ್ತು. ಅದನ್ನು ನಾನು ಅವರಿಗೆ ಹೇಳಿದೆ, ಅವರು ನಂಬಿದರು. ಆದರೆ ಆ ಸಂದೇಶ ನೋಡಿದ ಸಾಂಗ್ಲಿಯ ಉಳಿದವರ ಹತ್ತಿರ ಹೋಗಿ ಹೇಳುವವರು ಯಾರು?

ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರನ್ನು ಕೇಳಿ. ಅವರ ಒಣದ್ರಾಕ್ಷಿ ತಾಸಗಾಂವ, ಸಾಂಗ್ಲಿಯ ಕೋಲ್ಡ್ ಸ್ಟೋರೇಜುಗಳಲ್ಲಿ ಇರುತ್ತದೆ, ಅಲ್ಲೇ ಸವಾಲಾಗುತ್ತದೆ. ಅಥಣಿ, ಜಮಖಂಡಿ ಕಡೆ ಯಾರಿಗಾದರೂ ಎದೆನೋವು ಬಂದರೆ ಮನೆಯವರ ಬಾಯಲ್ಲಿ ಮೊದಲು ಬರುವ ಊರು ಮೀರಜ್. ಎಷ್ಟೋ ಮನೆಗಳ ಬೀಗರು ಆ ಕಡೆಯವರು. ಬೇಸಿಗೆ ಬಂದು ಹೊಳೆ ಒಣಗಿದರೆ ಕೊಯ್ನಾದಿಂದ ಕುಡಿಯುವ ನೀರು ಬಿಡಿ ಎಂದು ಬೆಂಗಳೂರಿನಿಂದ ಮುಂಬೈಗೆ ಪತ್ರ ಬರೆಯುವವರೂ ನಾವೇ.

ಇದರಲ್ಲಿ ನನಗೆ ಹೆಚ್ಚು ಸಿಟ್ಟು ತರುವ ಸಂಗತಿ ಬೇರೆ. ಆಲಮಟ್ಟಿಯ ವಿಷಯದಲ್ಲಿ ನ್ಯಾಯ ನಮ್ಮ ಕಡೆ ಇದೆ. ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ 524.256 ಮೀಟರಿನ ತನಕ ನೀರು ನಿಲ್ಲಿಸಲು ಒಪ್ಪಿಗೆ ಕೊಟ್ಟಿತು. ಆಲಮಟ್ಟಿ ಸೇರಿದ ನಮ್ಮ ಕೃಷ್ಣಾ ಮೇಲ್ದಂಡೆ ನೀರಾವರಿ ಯೋಜನೆಯ ಮೂರನೇ ಹಂತಕ್ಕೆ 130 ಟಿಎಂಸಿ ಹಂಚಿಕೆಯನ್ನೂ ಮಾಡಿತು. ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿರುವುದರಿಂದ ಗೆಜೆಟ್ ಅಧಿಸೂಚನೆಯೇ ಬಾಕಿ. 2025ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಅವರು ಎತ್ತರ ಹೆಚ್ಚಿಸಬೇಡಿ, ನಮ್ಮಲ್ಲಿ ಪ್ರವಾಹ ಹೆಚ್ಚುತ್ತದೆ ಎಂದು ಪತ್ರ ಬರೆದರು. ಅದಕ್ಕೆ ಉತ್ತರ ಅವರ ಸರಕಾರದ ಕಡತದಲ್ಲೇ ಇದೆ. 2019ರ ಮಹಾಪೂರದ ಮೇಲೆ ಮಹಾರಾಷ್ಟ್ರ ಸರಕಾರವೇ ನೇಮಿಸಿದ್ದ ನಂದಕುಮಾರ ವಡನೇರೆ ಸಮಿತಿ, ಸಾಂಗ್ಲಿ ಮತ್ತು ಕೊಲ್ಹಾಪುರದ ಪ್ರವಾಹಕ್ಕೆ ಆಲಮಟ್ಟಿಯ ಹಿನ್ನೀರು ಕಾರಣವಲ್ಲ ಎಂದು ವರದಿ ಕೊಟ್ಟಿತು. ವಿಪರೀತ ಮಳೆ ಮತ್ತು ನದಿಯ ಪೂರರೇಖೆಯೊಳಗೆ, ಅಂದರೆ ಮಹಾಪೂರದ ನೀರು ಮುಟ್ಟುವ ಜಾಗದಲ್ಲಿ, ಕಟ್ಟಿದ ಕಟ್ಟಡಗಳ ಕಡೆ ಅದು ಬೊಟ್ಟು ಮಾಡಿತು.

ಇಷ್ಟು ಗಟ್ಟಿ ದಾಖಲೆ ಕೈಯಲ್ಲಿರುವಾಗ ನಮ್ಮವರು ಅದನ್ನು ಬಿಟ್ಟು "ಮುಳುಗಲಿ" ಎಂಬ ಮಾತು ಹಿಡಿದುಕೊಂಡರೆ ಲಾಭ ಯಾರಿಗೆ? ಕರ್ನಾಟಕದವರ ಉದ್ದೇಶವೇ ನಮ್ಮನ್ನು ಮುಳುಗಿಸುವುದು ಎಂದು ಅಲ್ಲಿನ ಮೋರ್ಚಾಗಳಲ್ಲಿ ಭಾಷಣ ಮಾಡುವವರಿಗೆ ಬೇಕಾದ ಸಾಕ್ಷಿಯನ್ನು ನಿಮ್ಮ ಅಭಿಮಾನಿಗಳೇ ಬರೆದು ಕೊಡುತ್ತಿದ್ದಾರೆ. ನಮ್ಮ ವಕೀಲರು ವರ್ಷಗಟ್ಟಲೆ ಕಟ್ಟಿದ ವಾದಕ್ಕೆ ಒಂದು ಸಂಜೆಯ ಹುರುಪು ಮಸಿ ಬಳಿಯುತ್ತದೆ.

ಇದರ ಏಟು ಒಳಗಿನವರಿಗೂ ಬೀಳುತ್ತಿದೆ. ಎತ್ತರ ಹೆಚ್ಚಾದರೆ ಸುಮಾರು 75 ಸಾವಿರ ಎಕರೆ ಭೂಮಿ, 20 ಹಳ್ಳಿಗಳು, ಬಾಗಲಕೋಟೆ ನಗರದ 11 ವಾರ್ಡುಗಳು ಮುಳುಗಡೆಯಾಗುತ್ತವೆ. ಬಾಗಲಕೋಟೆಯನ್ನು ಮುಳುಗಡೆ ನಗರಿ ಅಂತಲೇ ಕರೆಯುತ್ತಾರೆ. ಒಮ್ಮೆ ಊರು ಬಿಟ್ಟು ನವನಗರಕ್ಕೆ ಹೋದವರ ಕಷ್ಟ ನಿಮಗೆ ನಾನು ಹೇಳಬೇಕಾಗಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಎಂದು ತೀರ್ಮಾನಿಸಿತು. ಹಣ ಯಾವಾಗ ಬರುತ್ತದೆ, ಒಂದೇ ಕಂತಿನಲ್ಲಿ ಬರುತ್ತದೆಯೆ, ಅಷ್ಟರೊಳಗೆ ಹೊಲ ಮಾಡಬಹುದೆ ಎಂದು ಸಂತ್ರಸ್ತರು ಕೇಳಿದರೆ ನಿಮ್ಮವರ ಉತ್ತರ ಏನು ಗೊತ್ತೆ? "ನಾಡಿಗಾಗಿ ಭೂಮಿ ಕೊಡಾಕ ರೊಕ್ಕ ಕೇಳ್ತಾರ, ಇವರೆಲ್ಲ ಮಹಾರಾಷ್ಟ್ರದ ಏಜೆಂಟರು." ಮೂರು ತಲೆಮಾರು ಉಳುಮೆ ಮಾಡಿದ ಭೂಮಿಯನ್ನು ಬಿಡಲು ಒಪ್ಪಿ, ಅದರ ಬೆಲೆ ಕೇಳಿದ ಮನುಷ್ಯನಿಗೆ ನಾಡದ್ರೋಹಿಯ ಪಟ್ಟ! ಬರೆದವರಲ್ಲಿ ಎಷ್ಟೋ ಜನರ ಒಂದು ಗುಂಟೆ ಜಾಗವೂ ಮುಳುಗುವುದಿಲ್ಲ. ಗೇಟು ಹಾಕಬೇಕು ಎಂದು ಗರ್ಜಿಸುವವರಿಗೆ ಆ ಗೇಟಿನ ಹಿಂದಿನ ನೀರು ಯಾರ ಅಂಗಳದಲ್ಲಿ ನಿಲ್ಲುತ್ತದೆ ಎಂಬ ಕಾಳಜಿ ಇಲ್ಲದಿದ್ದರೆ ಅದನ್ನು ನಾಡಪ್ರೇಮ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಒಮ್ಮೆ ನಿಮ್ಮ ಮುಂದೆ ಈ ವಿಷಯ ಎತ್ತಿದಾಗ "ಹುಡುಗರು ಉತ್ಸಾಹದಾಗ ಬರದಿರ್ತಾರ, ಬಿಡ್ರಿ" ಅಂದಿರಿ. ಬಿಡಲಾಗದು, ಸಾಹೇಬರೆ. 2025ರ ಫೆಬ್ರುವರಿಯಲ್ಲಿ ಬೆಳಗಾವಿ ಹತ್ತಿರ ಭಾಷೆಯ ಕಾರಣಕ್ಕೆ ಬಸ್ ಕಂಡಕ್ಟರ್ ಒಬ್ಬರಿಗೆ ಹೊಡೆದರೆಂಬ ಸುದ್ದಿ ಬಂತು. ಹೊಡೆದವರನ್ನು ಪೊಲೀಸರು, ಕೋರ್ಟು ನೋಡಿಕೊಳ್ಳಬೇಕಿತ್ತು. ಆದರೆ ಮೊಬೈಲಿನಲ್ಲಿ ಎದ್ದ ಬೆಂಕಿ ರಸ್ತೆಗೆ ಇಳಿಯಿತು. ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ ಚಾಲಕನ ಮುಖಕ್ಕೆ ಮಸಿ, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ. ಎರಡು ರಾಜ್ಯಗಳ ನಡುವಿನ ಬಸ್ ಓಡಾಟವೇ ನಿಂತಿತು. ಮೀರಜ್ ಆಸ್ಪತ್ರೆಗೆ ಹೋಗಬೇಕಾದವರು ಕಾಗವಾಡದ ತನಕ ಒಂದು ಗಾಡಿ, ಅಲ್ಲಿಂದ ಮುಂದೆ ಇನ್ನೊಂದು ಗಾಡಿ ಹುಡುಕಬೇಕಾಯಿತು. ಹೊಡೆತ ತಿಂದ ಕಂಡಕ್ಟರ್, ಮಸಿ ಬಳಿಸಿಕೊಂಡ ಚಾಲಕ, ಇಬ್ಬರೂ ಸಂಬಳಕ್ಕೆ ದುಡಿಯುವವರು.

ಎದುರು ಪಕ್ಷದವರು ತಪ್ಪು ಮಾತಾಡಿದರೆ ನೀವು ಸಂಜೆಯೊಳಗೆ ಉತ್ತರ ಕೊಡುತ್ತೀರಿ, ವಿಡಿಯೋ ಹಾಕುತ್ತೀರಿ. ಸಾಂಗ್ಲಿಯ ಸಂಸದರು ಏನಾದರೂ ಅಂದರೆ ಅದಕ್ಕೂ ಉತ್ತರ ಬರುತ್ತದೆ. ನಿಮ್ಮವರು ಆಡಿದ ಮಾತಿಗೆ ಮಾತ್ರ ಮೌನ. ನಾನು ಹೇಳಿದರೆ ಆ ಹುಡುಗರು ಕೇಳುವುದಿಲ್ಲ, ನನ್ನನ್ನೂ ಏಜೆಂಟರ ಸಾಲಿಗೆ ಸೇರಿಸುತ್ತಾರೆ. ಕಾಲೇಜಿನ ಮಾಸ್ತರರು ಹೇಳಿದರೂ ಅಷ್ಟೆ. ಅವರು ಕೇಳುವುದು ನಿಮ್ಮ ಮಾತನ್ನು. ನಿಮ್ಮ ಖಾತೆಯಿಂದಲೇ, ನಿಮ್ಮ ಹೆಸರಿನಲ್ಲೇ, "ಇದು ಸುಳ್ಳು, ಹೀಗೆ ಬರೆಯುವವರು ನನ್ನ ಕಾರ್ಯಕರ್ತರಲ್ಲ" ಎಂದು ಎರಡು ಸಾಲು ಬಂದರೆ ಮಾರನೇ ದಿನ ಆ ಗುಂಪಿನ ಮಾತಿನ ಧಾಟಿ ಬದಲಾಗುತ್ತದೆ. ಇದರಿಂದ ನಾಲ್ಕು ಮತ ಕಡಿಮೆಯಾಗಬಹುದು. ಹೊಳೆಯ ದಂಡೆಯ ನಾವು ಆ ಮತಗಳ ಜಾಗ ತುಂಬುತ್ತೇವೆ.

ಮಳೆಗಾಲದಲ್ಲಿ ಜಲಾಶಯಗಳ ಮಟ್ಟವನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ದಿನಾಲೂ ಪ್ರಕಟಿಸುತ್ತದೆ. ಆ ಅಂಕಿಗಳನ್ನು ನಮ್ಮ ತಾಲೂಕಿನವರಿಗೆ ಅರ್ಥವಾಗುವ ಹಾಗೆ ನಿಮ್ಮ ಕಚೇರಿಯೇ ಬೆಳಗ್ಗೆ ಹಾಕಲಿ: ಇಷ್ಟು ಬಂತು, ಇಷ್ಟು ಬಿಟ್ಟರು, ಇಂಥ ಊರಿನವರು ಎಚ್ಚರ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಕೂಡಿದಾಗ ವಡನೇರೆ ಸಮಿತಿಯ ವರದಿಯನ್ನು ಸದನದಲ್ಲಿ ಎತ್ತಿ ಮಾತಾಡಿ. ಪರಿಹಾರ ಕೇಳುವುದು ದ್ರೋಹವಲ್ಲ ಎಂದು ಅದೇ ಭಾಷಣದಲ್ಲಿ ಹೇಳಿ.

ಅದಕ್ಕೂ ಮುಂಚೆ ಮುಳುಗಡೆ ಹಳ್ಳಿಗಳವರನ್ನು ಕೂಡಿಸಿ ಒಂದು ಸಭೆ ಕರೆಯಿರಿ. ವರದಿಯ ಸಾರಾಂಶವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ತನ್ನಿ, ನೀರಾವರಿ ಇಲಾಖೆಯ ಒಬ್ಬ ಎಂಜಿನಿಯರನ್ನು ಜೊತೆಗೆ ಕರೆತನ್ನಿ. ಗುಂಪಿನಲ್ಲಿ ಬರೆಯುವ ಆ ಹುಡುಗರನ್ನೂ ತಪ್ಪದೆ ಕರೆತನ್ನಿ, ಅವರನ್ನು ಮುಂದಿನ ಸಾಲಿನಲ್ಲೇ ಕೂರಿಸಿ. ಪ್ರಶ್ನೆ ಕೇಳಲು ನಾವೂ ಬರುತ್ತೇವೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ,
ಕೃಷ್ಣಾ ತೀರದ ಒಬ್ಬ ರೈತ