ರಿಪ್ಪನ್‌ಪೇಟೆಲಿ ಮಾವಿನ ಮಿಡಿ ಮಾರ್ತಿದ್ದ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಗೊತ್ತಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ. ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರ್ಬೇಕು ಅಂತ ಆಸೆ ಇತ್ತು, ಆದ್ರೆ ಮಷಿನ್ನು ಬೇಕು, ಶೆಡ್ಡು ಬೇಕು, ಸಾಲ ತೆಗೀಬೇಕು ಅಂತ ಎಲ್ರೂ ಹೆದರಿಸ್ತಿದ್ರು. ನೀವೊಬ್ರೇ ಬುಟ್ಟಿಯಿಂದ ಒಂದು ಮಿಡಿ ಎತ್ತಿ ತೊಟ್ಟು ಮುರಿದು, ಸೊನೆ ಚಿಮ್ಮಿದ್ದನ್ನ ನನ್ ಮೂಗಿನ ಹತ್ರ ಹಿಡಿದು, "ನೋಡು ಮಾರಾಯ್ತಿ, ಪರಿಮಳ ಎಲ್ಲಾ ಇದ್ರಲ್ಲೇ ಇರೋದು, ತೊಟ್ಟಿರೋ ಮಿಡೀನೇ ತಗೋ, ಉದುರಿದ್ದು ಬೇಡ, ಮನೇಲಿರೋ ಭರಣೀಲೇ ಹಾಕು, ಉಪ್ಪಲ್ಲಿ ಚೆನ್ನಾಗಿ ಸುಕ್ಕಾಗೋವರೆಗೂ ಖಾರ ಮುಟ್ಬೇಡ" ಅಂದ್ರಿ. ಸಣ್ಣದಾಗಿ ಮಾಡೋರಿಗೆ ಎಫ್‌ಎಸ್‌ಎಸ್‌ಎಐ (ಅದೇ, ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಫೀಸು ವರ್ಷಕ್ಕೆ ಬರೀ 100 ರೂಪಾಯಿ ಅಂತ ಹೇಳಿದ್ದೂ ನೀವೇ, ನಿಜವಾಗ್ಲೂ ಇದು ಎಲ್ಲಾ ಹೆಣ್ಮಕ್ಕಳಿಗೂ ಗೊತ್ತಾಗ್ಬೇಕಾದ ವಿಷ್ಯ.

ಮೊದ್ಲು ಅಕ್ಕಪಕ್ಕದ ಮನೆಯವ್ರು, ಆಮೇಲೆ ಪೇಟೆ ಅಂಗಡಿ, ಈಗ ಬೆಂಗಳೂರಿಗೂ ಪಾರ್ಸೆಲ್ ಹೋಗ್ತಿದೆ, ಒಂದ್ರೂಪಾಯಿ ಸಾಲ ಇಲ್ಲ, ಮಾರಿ ಬಂದ ದುಡ್ಡಲ್ಲೇ ಮುಂದಿನ ಸೀಸನ್ನಿನ ಮಿಡಿ ತರ್ತೀನಿ. ತುಂಬಾ ತುಂಬಾ ಥ್ಯಾಂಕ್ಸ್ ಅಕ್ಕಾ. ಇವ್ರು ಯಾರು ಅಂತ ಗೊತ್ತಿದ್ರೆ ದಯವಿಟ್ಟು ಇದನ್ನ ಓದಿ ಹೇಳಿ.