ಅಪ್ಪನಾಗುವವನಿಗೆ ಹಾಲಿನ ವಿಷಯ

ಚಿ. ಸುಧೀಂದ್ರನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಪಲ್ಲವಿಗೆ ಎಂಟು ತಿಂಗಳು ತುಂಬಿತು ಅಂತ ನಿಮ್ಮಮ್ಮ ಹೇಳಿದಳು. ಸಂತೋಷ. ತೊಟ್ಟಿಲು, ಬಟ್ಟೆ ಎಲ್ಲ ಆಮೇಲೆ ನೋಡಿಕೊಳ್ಳಿ. ನಾನು ಬರೆಯುತ್ತಿರುವುದು ಎದೆಹಾಲಿನ ವಿಷಯ. ನಿನಗೇ ಯಾಕೆ ಅಂದರೆ, ಹೆರಿಗೆಯ ದಿನ ಅವಳಿಗೆ ವಾದ ಮಾಡುವ ತ್ರಾಣ ಇರುವುದಿಲ್ಲ. ಡಾಕ್ಟರ ಹತ್ತಿರ, ನರ್ಸ್ ಹತ್ತಿರ, ನಮ್ಮಂಥ ಹಿರಿಯ ಹೆಂಗಸರ ಹತ್ತಿರ ಬಾಯಿ ಬಿಡಬೇಕಾದವನು ನೀನು.

ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದಷ್ಟು ಕಾಲವೂ ನಾನು ಕೇಳಿದ ದೂರು ಒಂದೇ: 'ಹಾಲು ಬರ್ತಿಲ್ಲ ಸಿಸ್ಟರ್.' ಮೊದಲ ಎರಡು ಮೂರು ದಿನ ಬರುವುದು ಗಟ್ಟಿ ಹಳದಿ ಹಾಲು. ಅದೂ ಚಮಚದ ಲೆಕ್ಕದಲ್ಲಿ. ಮಗುವಿನ ಹೊಟ್ಟೆಗೆ ಅಷ್ಟು ಸಾಕು, ಸಾಲದು ಅನ್ನಿಸುವುದು ನೋಡುವವರಿಗೆ. ಯಾರೋ ಡಬ್ಬಿ ಹಾಲು ಕಲಸಿ ಕುಡಿಸುತ್ತಾರೆ. ಹೊಟ್ಟೆ ತುಂಬಿದ ಮಗು ಎದೆ ಚೀಪುವುದಿಲ್ಲ. ಚೀಪದೆ ಹಾಲು ಹೆಚ್ಚುವುದಿಲ್ಲ. ವಾರ ಕಳೆಯುವುದರಲ್ಲಿ 'ಹಾಲಿಲ್ಲ' ಅನ್ನುವುದು ನಿಜವೇ ಆಗಿಬಿಡುತ್ತದೆ.

ಇದು ನಮ್ಮ ಮನೆಗಳ ಕಥೆ ಮಾತ್ರ ಅಲ್ಲ. 1970ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ಎದೆಹಾಲು ಶುರು ಮಾಡುತ್ತಿದ್ದವರು ನಾಲ್ಕರಲ್ಲಿ ಒಬ್ಬ ತಾಯಿಯಷ್ಟೇ. ಅಷ್ಟು ಜನರ ಹಾಲು ಒಟ್ಟಿಗೆ ಬತ್ತಿತ್ತೇ? ಇಲ್ಲ. ಅಲ್ಲಿನ ಆಸ್ಪತ್ರೆಗಳು ಮಕ್ಕಳನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ಗಡಿಯಾರ ನೋಡಿ ಬಾಟಲಿ ಕೊಡುತ್ತಿದ್ದವು. ನಮ್ಮಲ್ಲಿ ಎಮ್ಮೆ ಹಾಲಿನಿಂದ ಬೇಬಿ ಫುಡ್ ಮಾಡುವ ವಿಧಾನ ಕಂಡುಹಿಡಿದದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ತಯಾರಿಸಿದ್ದು ಅಮುಲ್. ಎದೆಹಾಲು ಸಿಗದ ಮಕ್ಕಳಿಗೆ ಅದು ಬೇಕಿತ್ತು, ನಾನು ಕೆಟ್ಟದ್ದು ಅನ್ನುವುದಿಲ್ಲ. ಆದರೆ ಡಬ್ಬಿಯ ಮೇಲಿನ ದುಂಡು ಮಗು ನೋಡಿ ಬೇಡದವರಿಗೂ ಬೇಕೆನಿಸಿತು. ಅದಕ್ಕೇ 1992ರಲ್ಲಿ ಕಾನೂನು ಬಂತು. ಡಬ್ಬಿ ಹಾಲಿನ ಜಾಹೀರಾತು ಮಾಡುವಂತಿಲ್ಲ, ತಾಯಂದಿರಿಗೆ ಪುಕ್ಕಟೆ ಸ್ಯಾಂಪಲ್ ಹಂಚುವಂತಿಲ್ಲ.

ಆಮೇಲೆ ಸುಧಾರಿಸಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಆರು ತಿಂಗಳೊಳಗಿನ ಮಕ್ಕಳಲ್ಲಿ ಬರೀ ಎದೆಹಾಲು ಕುಡಿಯುವವರು 2005-06ರಲ್ಲಿ ನೂರಕ್ಕೆ 46 ಇದ್ದರು. 2019-21ಕ್ಕೆ 64 ಆದರು. ನನ್ನನ್ನು ಕಾಡುವುದು ಇನ್ನೊಂದು ಅಂಕಿ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕ ಮಕ್ಕಳು 2015-16ರಲ್ಲೂ ನೂರಕ್ಕೆ ಸುಮಾರು 42, 2019-21ರಲ್ಲೂ ಅಷ್ಟೇ. ಇದೇ ಅವಧಿಯಲ್ಲಿ ಆಸ್ಪತ್ರೆ ಹೆರಿಗೆ 79ರಿಂದ 89ಕ್ಕೆ ಏರಿದೆ. ಡಾಕ್ಟರು, ನರ್ಸು ಎದುರಿಗೇ ಇದ್ದೂ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಕಾಯುತ್ತಿವೆ, ಅಲ್ವಾ? ಸಿಸೇರಿಯನ್ ಹೆಚ್ಚಿರುವುದೂ ಒಂದು ಕಾರಣ. ತಾಯಿ ಒಂದು ಕಡೆ, ಮಗು ಇನ್ನೊಂದು ಕಡೆ.

ಅದಕ್ಕೆ ಮುಂದಿನ ಚೆಕಪ್‌ಗೆ ನೀನೂ ಹೋಗು. ಸಿಸೇರಿಯನ್ ಆದರೂ ಮಗುವನ್ನು ಬೇಗ ಎದೆಗೆ ಹಾಕುತ್ತೀರಾ ಅಂತ ಕೇಳು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರೆ ಅದಕ್ಕೇನೂ ಅಡ್ಡಿಯಿಲ್ಲ. ನಮ್ಮನ್ನು ಕೇಳದೆ ಡಬ್ಬಿ ಹಾಲು ಕೊಡಬೇಡಿ ಅಂತಲೂ ಹೇಳಿಡು.

ಇನ್ನು ಮನೆಯವರು. ಒಬ್ಬರು ಜೇನುತುಪ್ಪ ನೆಕ್ಕಿಸಲು ಬರುತ್ತಾರೆ, ಇನ್ನೊಬ್ಬರು ಬಜೆ ತೇಯುತ್ತಾರೆ, ಮತ್ತೊಬ್ಬರು ಗ್ರೈಪ್ ವಾಟರ್ ತರುತ್ತಾರೆ. ಆರು ತಿಂಗಳವರೆಗೆ ಯಾವುದೂ ಬೇಡ, ನೀರೂ ಬೇಡ. ಜೇನುತುಪ್ಪವಂತೂ ವರ್ಷ ತುಂಬುವ ತನಕ ಬೇಡವೇ ಬೇಡ. ಅದರಿಂದ ಎಳೆ ಮಗುವಿಗೆ ಅಪರೂಪಕ್ಕಾದರೂ ಜೀವಕ್ಕೆ ಅಪಾಯವಾಗುವ ಕಾಯಿಲೆ ಬರುತ್ತದೆ. ನಿಮ್ಮಮ್ಮನಿಗೆ ಬೇಜಾರಾದರೆ 'ದೊಡ್ಡಮ್ಮ ಹೇಳಿದ್ದಾಳೆ' ಅಂದುಬಿಡು, ಜಗಳ ನಾನು ನೋಡಿಕೊಳ್ಳುತ್ತೇನೆ. ಮಗುವಿಗೆ ಹಾಲು ಕುಡಿಸುವ ಅವಳ ಮೂತಿಯಿರುವ ಪುಟ್ಟ ಬಟ್ಟಲು, ಆ ಒಳಲೆಯನ್ನು ಮಾತ್ರ ಈಸಿಟ್ಟುಕೋ. ಹಿಂಡಿದ ಎದೆಹಾಲು ಕುಡಿಸಲು ಬಾಟಲಿಗಿಂತ ಅದು ವಾಸಿ, ತೊಳೆದು ಕುದಿಸುವುದೂ ಸುಲಭ.

ಹಾಲು ಸಾಕಾಗುತ್ತಿದೆಯೋ ಇಲ್ಲವೋ ಅಂತ ಅಳು ಕೇಳಿ ತೀರ್ಮಾನ ಮಾಡಬೇಡ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದು, ತೂಕ ಏರುತ್ತಿದ್ದರೆ ಸಾಕಾಗುತ್ತಿದೆ ಅಂತ ಅರ್ಥ. ಮೇಲುಹಾಲು ಬೇಕೇ ಬೇಕು ಅಂತ ಮಕ್ಕಳ ಡಾಕ್ಟರು ಹೇಳಿದರೆ ಕೊಡಿ. ಆಗ ಪಲ್ಲವಿಯನ್ನು ಯಾರಾದರೂ ಚುಚ್ಚಿ ಮಾತಾಡಿದರೆ ಸುಮ್ನೆ ಕೂರಬೇಡ.

ಅವಳ ಆಫೀಸಿನಲ್ಲಿ 26 ವಾರದ ರಜೆ ಬರೆದುಕೊಟ್ಟಿದ್ದಾರಾ ವಿಚಾರಿಸು. ಆರು ತಿಂಗಳಿಗೆ ಸರಿಹೋಗುತ್ತದೆ. ರಾಗಿ ಸರಿಯ ಹಿಟ್ಟು ಆಮೇಲೆ ನಾನೇ ಮಾಡಿ ಕಳಿಸುತ್ತೇನೆ. ಚೆಕಪ್‌ನಲ್ಲಿ ಡಾಕ್ಟರು ಏನಂದರು ಅಂತ ಅವತ್ತೇ ರಾತ್ರಿ ಫೋನ್ ಮಾಡು.

ಇಂತಿ,
ನಿನ್ನ ದೊಡ್ಡಮ್ಮ