ವೋಟಿಗೂ ಪ್ರಾರ್ಥನೆಗೂ ನಡುವೆ ಒಂದು ವಶೀಲಿ

ಪ್ರೀತಿಯ ರಮೇಶ,

ನಮ್ಮ ಸಂವಿಧಾನದ 326ನೇ ವಿಧಿಯಲ್ಲಿ ‘ಅಡಲ್ಟ್ ಸಫ್ರೇಜ್’ ಅಂತಿದೆ, ಅಂದರೆ ವಯಸ್ಕ ಮತಾಧಿಕಾರ. ಆದರೆ ನಿಘಂಟು ತೆಗೆದರೆ ಸಫ್ರೇಜ್ ಎಂದರೆ ಮೊದಲು ಪ್ರಾರ್ಥನೆ ಅಂತಿದೆಯಲ್ಲ, ಇದೆಂಥ ಕಥೆ ಅಂತ ನೀನು ಕೇಳಿದ್ದೆ. ಎರಡನ್ನೂ ಜೋಡಿಸುವ ಕೊಂಡಿ ನಿನಗೆ ಚೆನ್ನಾಗಿ ಗೊತ್ತಿರುವುದೇ: ವಶೀಲಿ.

ಮೂಲ ಪದ ಲ್ಯಾಟಿನ್‌ನ ಸುಫ್ರಾಗಿಯುಮ್. ಮುರಿದ ಮಡಕೆ ಚೂರಿನಿಂದ ಬಂತು ಅಂತ ಕೆಲವರು, ಗದ್ದಲದಿಂದ ಬಂತು ಅಂತ ಕೆಲವರು. ಚುನಾವಣೆ ಅಲ್ವಾ, ನನ್ನ ವೋಟು ಗದ್ದಲಕ್ಕೆ! ರೋಮ್‌ನಲ್ಲಿ ಅದು ಶುದ್ಧ ವೋಟು. ಮೊದಲೆಲ್ಲ ಬಾಯಲ್ಲಿ ಹೇಳಬೇಕಿತ್ತು. ಕ್ರಿ.ಪೂ. 139ರಲ್ಲಿ ಗುಟ್ಟಾಗಿ ಮತ ಹಾಕುವ ಕಾನೂನು ಬಂತು. ಕ್ರಿ.ಪೂ. 113ರ ಸುಮಾರಿನ ಒಂದು ಬೆಳ್ಳಿ ನಾಣ್ಯದಲ್ಲಿ ಆ ನೋಟವೇ ಇದೆ. ಇಕ್ಕಟ್ಟಾದ ಸೇತುವೆ ಮೇಲೆ ಇಬ್ಬರು. ಒಬ್ಬ ಕೆಳಗಿನವನಿಂದ ಮತ ಹಾಕುವ ಹಲಗೆ ಚೂರು ಇಸಿದುಕೊಳ್ಳುತ್ತಿದ್ದಾನೆ, ಇನ್ನೊಬ್ಬ ತನ್ನದನ್ನು ಹಾಕುತ್ತಿದ್ದಾನೆ.

ಕ್ರಿ.ಶ. 14ರಲ್ಲಿ ಚಕ್ರವರ್ತಿ ಟೈಬೀರಿಯಸ್ ಅಧಿಕಾರಿಗಳನ್ನು ಆರಿಸುವ ಚುನಾವಣೆಯನ್ನು ಜನರ ಕೈಯಿಂದ ತೆಗೆದು ಸೆನೆಟ್‌ಗೆ ಕೊಟ್ಟ. ವೋಟು ಹೋಯಿತು, ಪದ ಉಳಿಯಿತು. ಬರಬರುತ್ತಾ ಹುದ್ದೆ ಬೇಕಾದವನ ಪರವಾಗಿ ದೊಡ್ಡವರು ಹೇಳುವ ಮಾತಿಗೆ ಸುಫ್ರಾಗಿಯುಮ್ ಅಂದರು. ಆ ಮಾತು ಹೇಳಿಸಲು ಕೊಡುವ ದುಡ್ಡಿಗೂ ಅದೇ ಹೆಸರಾಯಿತು ನೋಡು! ಅದು ಎಷ್ಟು ಜಾಸ್ತಿಯಾಯಿತೆಂದರೆ, ಇನ್ನು ಸುಫ್ರಾಗಿಯುಮ್ ಕೊಟ್ಟು ಯಾರೂ ಪ್ರಾಂತ್ಯದ ಅಧಿಕಾರಿ ಆಗಕೂಡದು ಅಂತ 535ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಕಾನೂನೇ ಮಾಡಿದ.

ಚರ್ಚಿಗೂ ಇದೇ ಲೆಕ್ಕ ಹೊಂದಿಕೊಂಡಿತು. ಅರಮನೆಯಲ್ಲಿ ದೊಡ್ಡವರು, ಸ್ವರ್ಗದಲ್ಲಿ ಸಂತರು. ನಮ್ಮ ಪರವಾಗಿ ಸಂತರು ದೇವರ ಕಿವಿಗೆ ಹಾಕುವ ಮಾತೂ ಸುಫ್ರಾಗಿಯುಮ್, ಸತ್ತವರಿಗಾಗಿ ಬದುಕಿರುವವರು ಮಾಡುವ ಪ್ರಾರ್ಥನೆಯೂ ಸುಫ್ರಾಗಿಯುಮ್. 14ನೇ ಶತಮಾನದಲ್ಲಿ ಇಂಗ್ಲಿಷ್‌ಗೆ ಬಂದದ್ದು ಈ ಅರ್ಥ. ಆಂಗ್ಲಿಕನ್ ಚರ್ಚಿನಲ್ಲಿ ಪಾದ್ರಿ ಒಂದು ಸಾಲು ಹೇಳಿ ಜನ ಒಂದು ಸಾಲು ಉತ್ತರಿಸುವ ಪ್ರಾರ್ಥನೆಗಳಿಗೆ ಇವತ್ತಿಗೂ ಸಫ್ರೇಜಸ್ ಅನ್ನುತ್ತಾರೆ. ಚರ್ಚಿನಿಂದ ಹೊರಗೆ ಆ ಅರ್ಥ ಯಾರಿಗೂ ಬೇಡ.

ವೋಟು ಅನ್ನುವ ಹಳೇ ಅರ್ಥ 16ನೇ ಶತಮಾನದಲ್ಲಿ ಮತ್ತೆ ಬಂದು ಸೇರಿತು. 1787ರ ಅಮೆರಿಕ ಸಂವಿಧಾನದಲ್ಲೂ ಈ ಪದ ಇದೆ. ಬ್ರಿಟನ್ನಿನಲ್ಲಿ ವೋಟಿಗಾಗಿ ಬೀದಿಗಿಳಿದ ಹೆಂಗಸರನ್ನು ಗೇಲಿ ಮಾಡಲು 1906ರಲ್ಲಿ ‘ಡೈಲಿ ಮೇಲ್’ ಪತ್ರಿಕೆ ಅದಕ್ಕೊಂದು ಬಾಲ ಅಂಟಿಸಿ ‘ಸಫ್ರಜೆಟ್’ ಅಂದಿತು. ಅವರೇನು ಸುಮ್ನೆ ಇದ್ದರಾ? 1912ರಲ್ಲಿ ತಮ್ಮದೇ ಪತ್ರಿಕೆ ಶುರು ಮಾಡಿ ‘ದಿ ಸಫ್ರಜೆಟ್’ ಅಂತಲೇ ಹೆಸರಿಟ್ಟರು.

ನಿನ್ನ ಗೆಳೆಯ